ಮ್ಯಾನೇಜರನ ಭಾನುವಾರದ ಮೀನು

ಸಾಕುಪ್ರಾಣಿಗಳ ಬಗ್ಗೆ ಬರೆದ ಪುಸ್ತಕಗಳಲ್ಲಿ ಪ್ರಾಣಿ ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಧ್ಯಾಯದಲ್ಲಿ ಸಾಯುತ್ತದೆ. ಕೊನೆಯ ಅಧ್ಯಾಯ ಲೇಖಕರ ಅಳುವಿಗೆ ಮೀಸಲು. ನವ್ಯಾ ಬರೆದ ‘ಹಿಂಬಾಗಿಲ ಮ್ಯಾನೇಜರ್’ ಪುಸ್ತಕಕ್ಕೆ ಆ ಅನುಕೂಲ ಒದಗಲಿಲ್ಲ. ಅದರ ನಾಯಕ ಬಿಡುಗಡೆಯ ದಿನವೂ ಬದುಕಿದ್ದ. ಸಮಾರಂಭ ನಡೆಯುತ್ತಿದ್ದ ಮಹಡಿಯ ಕೆಳಗೆ, ಹೋಟೆಲಿನ ಹಿಂಬಾಗಿಲಲ್ಲಿ, ಮುಂಗಾಲಿನ ಮೇಲೆ ಗದ್ದ ಇಟ್ಟುಕೊಂಡು ಬೋಂಡಾದ ವಾಸನೆ ಹಿಡಿಯುತ್ತಿದ್ದ.

ಚೆನ್ನೈನ ಅಡ್ಯಾರಿನ ಆ ಹೋಟೆಲಿನ ಬೋರ್ಡಿನ ಮೇಲೆ ಒಂದು ದೇವರ ಹೆಸರಿದೆ. ಯಾರೂ ಅದನ್ನು ಬಳಸುವುದಿಲ್ಲ. ಕನ್ನಡದವರಿಗೆ ಅದು ಜಲಜಾಕ್ಷಮ್ಮನ ಹೋಟೆಲು, ತಮಿಳರಿಗೆ ಅಕ್ಕಾ ಹೋಟೆಲ್. ಹೆಸರಿನ ಕೆಳಗೆ ‘ಶುದ್ಧ ಸಸ್ಯಾಹಾರಿ’ ಎಂದು ಮೂರು ಭಾಷೆಯಲ್ಲಿ ಬರೆದಿದೆ. ಅದನ್ನು ಮಾತ್ರ ಎಪ್ಪತ್ತೊಂದು ವರ್ಷದ ಜಲಜಾಕ್ಷಮ್ಮ ಗಲ್ಲಾದಲ್ಲಿ ಕುಳಿತು ಕಾಯುತ್ತಾರೆ. ಒಮ್ಮೆ ಗಿರಾಕಿಯೊಬ್ಬರು ಮಗಳ ಹುಟ್ಟುಹಬ್ಬಕ್ಕೆಂದು ಕೇಕು ತಂದರು. ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂದು ಹೇಳಲು ಆ ಗಿರಾಕಿ ಅರ್ಧ ಕ್ಷಣ ತಡವರಿಸಿದ್ದಕ್ಕೆ, ಮೇಣದ ಬತ್ತಿ ಸಮೇತ ಫುಟ್‌ಪಾತಿನ ಮೇಲೆ ನಿಂತು ಕತ್ತರಿಸಬೇಕಾಯಿತು.

ನಮ್ಮ ಓದುಗರ ಬಳಗ ಒಂಬತ್ತು ವರ್ಷದಿಂದ ತಿಂಗಳ ಎರಡನೆಯ ಶನಿವಾರ ಅಲ್ಲಿನ ಮಹಡಿಯಲ್ಲಿ ಸೇರುತ್ತದೆ. ಸುಮಾರು ಮೂವತ್ತು ಜನ. ಕೆಲವರು ಸಾಹಿತ್ಯಕ್ಕೆ ಬರುತ್ತಾರೆ, ಕೆಲವರು ತಿಂಡಿಗೆ. ಯಾರು ಯಾತಕ್ಕೆ ಎಂದು ಪತ್ತೆ ಮಾಡುವ ಪ್ರಯತ್ನವನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ನಾನೆಂದರೆ ಕೃಷ್ಣಮೂರ್ತಿ, ಒಂದು ಕಚೇರಿಯ ಅನುವಾದ ವಿಭಾಗದಿಂದ ನಿವೃತ್ತ. ಮೂವತ್ತಾರು ವರ್ಷದಿಂದ ಚೆನ್ನೈನಲ್ಲಿದ್ದೇನೆ. ಮೊಮ್ಮಕ್ಕಳು ನನ್ನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಹಾಗಾಗಿ ಯಾರಾದರೂ ಕನ್ನಡದಲ್ಲಿ ನೂರು ಪುಟ ಬರೆದು ತಂದರೆ ನಾನು ಕೆಂಪು ಪೆನ್ನು ತೆಗೆದುಕೊಂಡು ಕೂರುತ್ತೇನೆ. ಯಾರೂ ಕೇಳದಿದ್ದರೂ.

ನವ್ಯಾ ಕೇಳಿಯೇ ತಂದಿದ್ದಳು. ಮಂಡ್ಯದ ಕಡೆಯ ಹುಡುಗಿ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ ಹೋಟೆಲಿನ ಹಿಂದಿನ ಗಲ್ಲಿಯ ಫ್ಲ್ಯಾಟಿಗೆ ಬಂದಾಗ ಅವಳಿಗೆ ಈ ಊರಿನಲ್ಲಿ ಪರಿಚಯವಾದ ಮೊದಲ ಜೀವ ಒಂದು ಕಂದು ಬಣ್ಣದ ಬೀದಿನಾಯಿ. ಎರಡನೆಯದು ಅದಕ್ಕೆ ಇಡ್ಲಿ ಹಾಕುತ್ತಿದ್ದ ಐತಪ್ಪ.

ಐತಪ್ಪ ಹೋಟೆಲಿನಲ್ಲಿ ಹಿಟ್ಟು ರುಬ್ಬುವವನು. ಉಡುಪಿಯ ಕಡೆ ಕಡಲ ತೀರದಲ್ಲಿ ಹುಟ್ಟಿ, ಇಪ್ಪತ್ತೆಂಟನೇ ವಯಸ್ಸಿಗೆ ಇಲ್ಲಿಗೆ ಬಂದು, ಅರವತ್ತರ ಹತ್ತಿರ ಬಂದರೂ ಗ್ರೈಂಡರಿನ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದ. ನಾಯಿಗೆ ‘ಮ್ಯಾನೇಜರ್’ ಎಂದು ಹೆಸರಿಟ್ಟವನು ಅವನೇ. “ಒಂದು ಕೆಲಸ ಮಾಡುದಿಲ್ಲ ಸಾರ್, ಎಲ್ಲರನ್ನೂ ನೋಡ್ತಾ ಕೂತಿರ್ತದೆ. ಮತ್ತೆ ಎಂತ ಕರಿಯುದು?” ಎಂದು ಕಾರಣ ಹೇಳುತ್ತಿದ್ದ. ನಾಯಿಗೂ ಅವನಿಗೂ ಹನ್ನೊಂದು ವರ್ಷದ ಸಹವಾಸ. ಊರಿನಲ್ಲಿ ಅವನಿಗೆ ಯಾರೂ ಉಳಿದಿರಲಿಲ್ಲ. ಆ ಕೋಣೆ, ಆ ಕೆಲಸ, ಆ ನಾಯಿ: ಇಷ್ಟೇ ಅವನ ಸಂಸಾರ.

ಹಸ್ತಪ್ರತಿಯಲ್ಲಿ ಒಂದು ಕಡೆ ನವ್ಯಾ, ‘ಭಾನುವಾರ ಮಾತ್ರ ಮ್ಯಾನೇಜರನಿಗೆ ಐತಪ್ಪಣ್ಣನಿಂದ ವಿಶೇಷ ಊಟ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದಳು. ನಾನು ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದೆ.

“ವಿಶೇಷ ಅಂದ್ರೆ ಏನಮ್ಮ?”

“ಮೀನು ಸಾರ್. ಆದ್ರೆ ಯಾರ್ಗೂ ಹೇಳ್ಬೇಡ ಅಂದಿದಾರೆ.”

“ಹೋಟೆಲಿನಲ್ಲಾ?”

“ಹಿತ್ತಲಲ್ಲಿ ಶೆಡ್ ಇದ್ಯಲ್ಲ, ಅಲ್ಲಿ.”

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಲವತ್ತು ವರ್ಷ ಪುಸ್ತಕ ಓದಿದವನಿಗೆ ಒಂದು ಚಟ ಇರುತ್ತದೆ. ಇಡೀ ಹಸ್ತಪ್ರತಿಯಲ್ಲಿ ಜೀವವಿದ್ದ ಒಂದೇ ಜಾಗ ಅದು ಎಂದು ನನ್ನ ಮೂಗಿಗೆ ಬಡಿಯಿತು. ಉಳಿದ ಪುಟಗಳಲ್ಲಿ ನಾಯಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿತ್ತು, ಅವಳ ದುಃಖ ಅರಿಯುತ್ತಿತ್ತು, ನಾಯಿಗಳು ಪುಸ್ತಕಗಳಲ್ಲಿ ಮಾಡುವುದನ್ನೆಲ್ಲ ಮಾಡುತ್ತಿತ್ತು.

“ಬರೀಬೇಕಾದ್ದು ಇದನ್ನೇ ಕಣಮ್ಮ,” ಎಂದೆ. “ಸುಮ್ನೆ ಮೀನು ಅಂದ್ರೆ ಸಾಲದು. ಯಾವ ಮೀನು, ಎಲ್ಲಿಂದ ತರ್ತಾನೆ, ಯಾವ ಪಾತ್ರೆ? ವಿವರ ಇಲ್ದೆ ಯಾರು ನಂಬ್ತಾರೆ?”

“ಅಣ್ಣ ಬೇಜಾರ್ ಮಾಡ್ಕೊಳ್ತಾರೇನೋ.”

“ಪುಸ್ತಕದಲ್ಲಿ ಬಂದ್ರೆ ಯಾರಿಗಾದರೂ ಬೇಜಾರಾಗತ್ತೇನಮ್ಮ?”

ಮುಂದಿನ ವಾರ ವಿವರ ಬಂತು. ಐತಪ್ಪ ಪಾಪ, ಖುಷಿಯಾಗಿಯೇ ಹೇಳಿದ್ದನಂತೆ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಕಾಸಿಮೇಡಿನ ಮೀನು ಬಂದರಿಗೆ ಹೋಗಿ, ಹರಾಜು ಮುಗಿದ ಮೇಲೆ ಹೆಂಗಸರು ಗುಡ್ಡೆ ಹಾಕಿ ಮಾರುವಲ್ಲಿ ಬೂತಾಯಿ ಮೀನು ತರುತ್ತಾನೆ. ಅವನೂರಿನಲ್ಲಿ ಬೂತಾಯಿ, ಇಲ್ಲಿ ಮತ್ತಿ. ಶೆಡ್ಡಿನಲ್ಲಿ ಮೂರು ಇಟ್ಟಿಗೆ, ಒಂದಿಷ್ಟು ತೆಂಗಿನ ಸಿಪ್ಪೆ. ಅರಿಶಿನ ಹಾಕಿ ಬೇಯಿಸಿ, ಕುಳಿತು ಒಂದೊಂದೇ ಮುಳ್ಳು ತೆಗೆದು, ತಣಿಸಿ ನಾಯಿಯ ಮುಂದೆ ಇಡುತ್ತಾನೆ. ತಾನು ತಿನ್ನುವುದಿಲ್ಲ. ‘ಈ ಮನೆಯ ಅನ್ನ ತಿನ್ನುವವ ನಾನು, ಇಲ್ಲಿದ್ದಷ್ಟು ದಿನ ಮುಟ್ಟುದಿಲ್ಲ. ಅದು ತಿನ್ನುವಾಗ ಪಕ್ಕದಲ್ಲಿ ಕೂರ್ತೇನೆ, ವಾಸನೆ ಬರ್ತದೆ, ಅಷ್ಟು ಸಾಕು’ ಎಂದಿದ್ದನಂತೆ. ಆ ಮಾತಿನ ಪಕ್ಕದಲ್ಲಿ ನಾನು ಎರಡು ಗೆರೆ ಎಳೆದು ‘ಬಹಳ ಚೆನ್ನಾಗಿದೆ’ ಎಂದು ಬರೆದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಅವಳು ಬರೆದ ವಾಕ್ಯ ಹೀಗಿತ್ತು: ‘ಗುಜರಿಗೆಂದು ಎತ್ತಿಟ್ಟಿದ್ದ ಹಿಡಿ ಮುರಿದ ಸಾಂಬಾರಿನ ತಪ್ಪಲೆಯಲ್ಲಿ ಐತಪ್ಪಣ್ಣ ಬೂತಾಯಿ ಬೇಯಿಸುತ್ತಾರೆ.’ ನಾನು ಮೊದಲ ನಾಲ್ಕು ಪದಗಳನ್ನು ಹೊಡೆದು ಹಾಕಿದೆ. ಕೆಂಪು ಪೆನ್ನು ಹಿಡಿದವನಿಗೆ ಏನಾದರೂ ಹೊಡೆಯದೆ ಕೈ ಸುಮ್ಮನಿರುವುದಿಲ್ಲ.

ಬಿಡುಗಡೆಯ ದಿನ ಜಲಜಾಕ್ಷಮ್ಮನೇ ಮುಖ್ಯ ಅತಿಥಿ. ಮಹಡಿ ಅವರದು, ಇಡ್ಲಿ ಬೋಂಡಾ ಅವರದು, ನಾಯಿ ಕೂಡ ಒಂದು ಲೆಕ್ಕದಲ್ಲಿ ಅವರದೇ. ನಮ್ಮ ಬಳಗದಲ್ಲಿ ಮುಖ್ಯ ಅತಿಥಿ ಭಾಷಣ ಮಾಡುವಂತಿಲ್ಲ. ಒಬ್ಬರು ಒಂದೂಮುಕ್ಕಾಲು ಗಂಟೆ ಮಾತಾಡಿದ ಮೇಲೆ ಮಾಡಿಕೊಂಡ ಕಟ್ಟಳೆ ಅದು. ಅದರ ಬದಲು ಅವರು ಕಣ್ಣು ಮುಚ್ಚಿ ಪುಸ್ತಕವನ್ನು ಎಲ್ಲಿಯಾದರೂ ತೆರೆದು ಆ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಅಷ್ಟೇ ಉದ್ಘಾಟನೆ.

ಪುಸ್ತಕದ ನಡುವೆ ಒಂದು ಕಡೆ ದಪ್ಪ ಕಾಗದದ ಮೇಲೆ ಬಣ್ಣದ ಫೋಟೋ ಇತ್ತು. ಮ್ಯಾನೇಜರನ ತಲೆ, ಅದರ ಮೇಲೆ ಹಿಟ್ಟು ಮೆತ್ತಿದ ಒಂದು ಕೈ. ಮುಖವಿಲ್ಲದ ಕೈ. ಅರ್ಪಣೆಯೂ ನಾಯಿಗೇ ಇತ್ತು, ಕೈಗಲ್ಲ. ದಪ್ಪ ಕಾಗದ ಇದ್ದ ಕಡೆಯೇ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಜಲಜಾಕ್ಷಮ್ಮ ಕಣ್ಣು ಮುಚ್ಚಿದರು, ತೆರೆದರು, ಕನ್ನಡಕ ಸರಿಮಾಡಿಕೊಂಡರು. “ಓಹೋ, ನಮ್ಮ ಐತಪ್ಪನ ಸುದ್ದಿ ಉಂಟು ಇಲ್ಲಿ,” ಎಂದು ನಕ್ಕರು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಐತಪ್ಪ ಅಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದ. ಬಿಳಿ ಅಂಗಿ ಇಸ್ತ್ರಿ ಮಾಡಿಸಿದ್ದ. ಪುಸ್ತಕದಲ್ಲಿ ತನ್ನ ಹೆಸರಿದೆ ಎಂದಷ್ಟೇ ಅವನಿಗೆ ಗೊತ್ತಿತ್ತು. ನಾಚಿಕೊಂಡು ತಲೆ ಬಗ್ಗಿಸಿದ.

ಅವರು ಗೆರೆಯ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದತೊಡಗಿದರು. ಕಾಸಿಮೇಡು ಬಂತು. ಬೂತಾಯಿ ಬಂತು. ಸಾಂಬಾರಿನ ತಪ್ಪಲೆ ಬಂತು. ಒಂದು ಕ್ಷಣವೂ ನಿಲ್ಲಿಸಲಿಲ್ಲ, ಒಂದು ಪದವನ್ನೂ ಹಾರಿಸಲಿಲ್ಲ. ‘ಈ ಮನೆಯ ಅನ್ನ ತಿನ್ನುವವ ನಾನು’ ಎಂಬಲ್ಲಿಯೂ ಬೆರಳು ಗೆರೆ ಬಿಡಲಿಲ್ಲ. ಪುಟದ ಕೊನೆ ಮುಟ್ಟಿ, ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, “ಚೆಂದ ಬರ್ದಿದ್ದೀರಿ. ಬೋಂಡಾ ಬಿಸಿ ಉಂಟು, ಎಲ್ಲರೂ ತಗೊಳ್ಳಿ,” ಎಂದು ಕೆಳಗೆ ಇಳಿದು ಹೋದರು.

ಬೋಂಡಾ ಹೋಯಿತು, ಚಟ್ನಿ ಹೋಯಿತು. ಸಾಂಬಾರಿನ ಬಕೆಟ್ಟು ತುಂಬಿದ ಹಾಗೇ ಇತ್ತು.

“ನಂಗೆ ಸಾಂಬಾರ್ ವೇಂಡಾಂ, ಚಟ್ನಿ ಪೋದುಂ,” ಎಂದು ಸಾಂಬಾರಿನ ಸೌಟನ್ನು ಪಕ್ಕಕ್ಕೆ ತಳ್ಳಿದ ಗಂಗಾಧರ. ನಲವತ್ತು ವರ್ಷದಿಂದ ಇಲ್ಲೇ ಇರುವವನು, ಅವನ ಕನ್ನಡಕ್ಕೆ ತಮಿಳೇ ಊರುಗೋಲು. “ಅಲ್ಲಪ್ಪಾ ಕೃಷ್ಣಮೂರ್ತಿ, ಇಷ್ಟು ವರ್ಷ ಇಲ್ಲಿ ಸಾಂಬಾರ್ ಅಷ್ಟು ರುಚಿ ಯಾಕೆ ಅಂತ ಇವತ್ತು ಗೊತ್ತಾಯ್ತು ನೋಡು.”

ನಾಲ್ಕು ಜನ ನಕ್ಕರು. ಒಬ್ಬರು ಆಗಲೇ ಪುಟದ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. ಕನ್ನಡ ಬಾರದವರಿಗಾಗಿ ಕೆಳಗೆ ತಮಿಳಿನಲ್ಲಿ ಸಾರಾಂಶ ಬರೆಯುವ ಶ್ರಮವನ್ನೂ ತೆಗೆದುಕೊಂಡರು.

ನಾನು ಕೆಳಗೆ ಹೋದಾಗ ಅಡಿಗೆಮನೆಯ ಹಿಂದೆ ಮೂವರೂ ಇದ್ದರು. ಜಲಜಾಕ್ಷಮ್ಮ ಅಕ್ಕಿಮೂಟೆಯ ಮೇಲೆ ಕುಳಿತಿದ್ದರು, ಐತಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ನವ್ಯಾ ದುಪಟ್ಟಾದ ತುದಿ ಹಿಂಡುತ್ತಿದ್ದಳು. ಬಾಗಿಲಾಚೆ ಮ್ಯಾನೇಜರ್ ಬಾಲ ಆಡಿಸುತ್ತಿದ್ದ. ಯಾರ ಕಡೆಗೆ ಎಂದು ಹೇಳುವುದು ಕಷ್ಟ.

“ಅಮ್ಮ, ಮೀನು ತಂದದ್ದು ಹೌದು,” ಎಂದ ಐತಪ್ಪ.

“ನೀನು ಹೇಳ್ಬೇಕಾ? ಆರು ವರ್ಷ ಆಯ್ತು ನನಗೆ ಗೊತ್ತಾಗಿ. ಮುಖದಲ್ಲಿ ಮೂಗು ಉಂಟಲ್ಲ ನನಗೆ? ಭಾನುವಾರ ಹತ್ತು ಗಂಟೆ ಮೇಲೆ ನಾನು ಈ ಕಡೆ ಬರುದಿಲ್ಲ. ಯಾಕೆ ಅಂತ ಯಾರಾದ್ರೂ ಕೇಳಿದ್ರಾ?”

ಐತಪ್ಪ ತಲೆ ಎತ್ತಿದ.

“ಗೊತ್ತಿಲ್ಲದ ಹಾಗೆ ಇರ್ಲಿಕ್ಕೆ ಎಷ್ಟು ಕಷ್ಟಪಟ್ಟಿದ್ದೇನೆ ಮಾರಾಯ. ಇನ್ನು ಗೊತ್ತಿಲ್ಲ ಅಂತ ಹೇಗೆ ಹೇಳುದು? ನಾನೇ ಕನ್ನಡಕ ಹಾಕಿ ಓದಿದ್ದು.” ಆಮೇಲೆ ಕೇಳಿದರು: “ಮೀನು ಇರ್ಲಿ. ಸಾಂಬಾರಿನ ತಪ್ಪಲೆ ಯಾವುದು?”

“ಅದೇ ಅಮ್ಮ, ಹಿಡಿ ಮುರಿದದ್ದು. ಗುಜರಿಗೆ ಅಂತ ನೀವೇ ಶೆಡ್ಡಿಗೆ ಹಾಕಿಸಿದ್ದು. ಅದು ಒಳಗೆ ಬರ್ಲೇ ಇಲ್ಲ. ಗ್ರೈಂಡರ್ ಮುಟ್ಟುವ ಮೊದಲು ನಾನು ಸ್ನಾನ ಮಾಡಿಯೇ...”

“ಮತ್ತೆ ಇದರಲ್ಲಿ ಹಾಗೆ ಬರ್ದಿಲ್ವಲ್ಲ!”

“ನಾನ್ ಬರ್ದಿದ್ದೆ ಅಮ್ಮಾ,” ಎಂದಳು ನವ್ಯಾ. ಹೇಳಿ ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು. ನಾಯಿಯೂ.

“ನಾನು ತೆಗೆದೆ,” ಎಂದೆ. “ನಾಲ್ಕು ಪದ. ವಾಕ್ಯ ಭಾರವಾಗಿತ್ತು.”

ಜಲಜಾಕ್ಷಮ್ಮ ಕೇಳಿದರು: “ಎಷ್ಟು ಭಾರ ಇತ್ತು ಸಾರ್?”

ನವ್ಯಾಗೆ ಅಳು ಬಂತು. “ಪ್ರೀತಿಯಿಂದ ಬರ್ದಿದ್ದು ಐತಪ್ಪಣ್ಣ. ನಿಜವಾಗ್ಲೂ. ಕನ್ನಡ ಪುಸ್ತಕ ಅಲ್ವಾ, ಚೆನ್ನೈನಲ್ಲಿ ಯಾರ್ ಓದ್ತಾರೆ ಅನ್ಕೊಂಡೆ.”

ಕನ್ನಡ ಪುಸ್ತಕದ ಭವಿಷ್ಯದ ಬಗ್ಗೆ ನಮ್ಮ ಬಳಗದಲ್ಲಿ ಒಂಬತ್ತು ವರ್ಷ ಚರ್ಚೆ ನಡೆದಿದೆ. ಇಷ್ಟು ಪ್ರಾಮಾಣಿಕವಾದ ಮಾತು ಒಮ್ಮೆಯೂ ಬಂದಿರಲಿಲ್ಲ.

ಐತಪ್ಪ ಅವಳ ಕಡೆ ತಿರುಗಿದ. ದನಿ ಏರಿಸಲಿಲ್ಲ. “ಹೋದ ತಿಂಗಳು ಬಂದು ಕೂತು ಕೇಳಿದ್ರಲ್ಲ ಮೇಡಂ, ಯಾವ ಮೀನು, ಯಾವ ಪಾತ್ರೆ, ಮುಳ್ಳು ಹೇಗೆ ತೆಗಿಯುದು ಅಂತ. ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ. ನನ್ನ ಹತ್ರ ಮಾತಾಡ್ಲಿಕ್ಕೆ ಕೇಳಿದ್ದು ಅಂತ ಎಣಿಸಿದೆ.”

ನಾಲ್ಕು ವರ್ಷ ‘ಮಗಳೇ’ ಎಂದು ಕರೆಯುತ್ತಿದ್ದವನ ಬಾಯಲ್ಲಿ ‘ಮೇಡಂ’ ಬಂದದ್ದು ಅವಳಿಗೂ ಕೇಳಿಸಿತು. ದುಪಟ್ಟಾ ಹಿಂಡುವುದನ್ನು ನಿಲ್ಲಿಸಿದಳು.

“ನೋಡುವ,” ಎಂದು ಜಲಜಾಕ್ಷಮ್ಮ ಎದ್ದರು. “ನಾಳೆ ಒಂದು ದಿನ ನೋಡುವ.”

ಮರುದಿನ ಭಾನುವಾರ. ಎಂದಿನ ಭಾನುವಾರ ಒಂಬತ್ತು ಗಂಟೆಗೆ ಆ ಹೋಟೆಲಿನಲ್ಲಿ ಕುಳಿತವರ ಹಿಂದೆ ಕಾಯುವವರು ನಿಂತಿರುತ್ತಾರೆ. ಅವತ್ತು ಆರು ಮೇಜು ಖಾಲಿ ಇದ್ದವು. ಬಂದವರೂ ಗಲ್ಲಾದ ಮುಂದೆ ನಿಂತು, “ಅಕ್ಕಾ, ಕೇಳಿದ್ದು ನಿಜಮಾ?” ಎನ್ನುತ್ತಿದ್ದರು. ಜಲಜಾಕ್ಷಮ್ಮ ಒಳಗಿನ ಪಾತ್ರೆಗಳನ್ನೆಲ್ಲ ಫುಟ್‌ಪಾತಿಗೆ ತರಿಸಿ, ಬಸ್ಸಿನವರಿಗೆ, ಆಟೋದವರಿಗೆ, ಎದುರಿನ ಸ್ಕೂಲಿನ ವಾಚ್‌ಮನ್‌ಗೆ ಎಲ್ಲರಿಗೂ ಕಾಣುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿಸಿದರು. ಉಜ್ಜಿದವರಲ್ಲಿ ಐತಪ್ಪನೂ ಒಬ್ಬ. ಅವನು ಮುಟ್ಟಿದ ಪಾತ್ರೆಯನ್ನು ಪಕ್ಕದವನು ಸದ್ದಿಲ್ಲದೆ ತೆಗೆದುಕೊಂಡು ಇನ್ನೊಮ್ಮೆ ಉಜ್ಜಿದ. ಅದನ್ನು ನಾನೂ ನೋಡಿದೆ, ಗಲ್ಲಾದಿಂದ ಜಲಜಾಕ್ಷಮ್ಮನೂ ನೋಡಿದರು. ಅವನನ್ನು ಕಳಿಸುವ ನಿರ್ಧಾರ ಆದದ್ದು ಆಗ ಎಂದು ನನ್ನ ಎಣಿಕೆ. ಮಧ್ಯಾಹ್ನ ಅವನನ್ನು ಕರೆದು ಅವರು ಏನು ಹೇಳಿದರೋ ಕೇಳಿಸಲಿಲ್ಲ. ಅವನು ತಲೆ ಆಡಿಸಿದ್ದು ಕಂಡಿತು. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಟೇಬಲ್ ನಾಲ್ಕು ಯಾರು ನೋಡುದು?” ಎಂದು ಕಿರುಚಿದ್ದು ಕೇಳಿಸಿತು.

ಮ್ಯಾನೇಜರ್ ಅವತ್ತು ಹನ್ನೆರಡರವರೆಗೆ ಶೆಡ್ಡಿನ ಬಾಗಿಲು ನೋಡುತ್ತ ಕುಳಿತಿದ್ದ. ಆಮೇಲೆ ಯಾರೋ ಎಸೆದ ಇಡ್ಲಿ ತಿಂದು ಮಲಗಿದ.

ಸಂಜೆ ನವ್ಯಾ ನನಗೆ ಫೋನು ಮಾಡಿದಳು. ಆ ನಾಲ್ಕು ಪದ ಸೇರಿಸಿ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಪ್ರತಿ ಪುಸ್ತಕದಲ್ಲೂ ಅಂಟಿಸುತ್ತಾಳಂತೆ.

“ನಾಯಿ ಏನಾಗತ್ತಮ್ಮ?” ಎಂದೆ. “ಐತಪ್ಪ ಹೊರಟರೆ?”

“ನಾನೇ ಇಟ್ಕೊಬೋದಿತ್ತು ಸಾರ್. ಆದ್ರೆ ನಮ್ ಅಸೋಸಿಯೇಷನ್‌ನಲ್ಲಿ ಬಿಡಲ್ಲ.”

ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅವಳು ಮತ್ತು ಮ್ಯಾನೇಜರ್ ಒಬ್ಬರನ್ನೊಬ್ಬರು ಎಂದಿಗೂ ಬಿಡುವುದಿಲ್ಲ. ಅಲ್ಲಿ ಅಸೋಸಿಯೇಷನ್ ಪ್ರಸ್ತಾಪವಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಕಾಫಿಗೆ ಹೋದಾಗ ಐತಪ್ಪ ಹಿಂಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಒಂದು ಬಟ್ಟೆಯ ಚೀಲ, ಒಂದು ಸುತ್ತಿದ ಚಾಪೆ. ಅಕ್ಕನ ಮಗ ಸಂದೇಶ್ ಕ್ರೋಂಪೇಟೆಯಲ್ಲಿ ಒಂದು ಕಾಲೇಜಿನ ಹತ್ತಿರ ಮೆಸ್ಸು ನಡೆಸುತ್ತಾನೆ, ಅಲ್ಲಿಗೆ ಹೊರಟಿದ್ದ.

“ಗಿಂಡಿಗೆ ಬಸ್ಸು ಹಿಡಿದು ರೈಲಾ?” ಎಂದು ಕೇಳಿದೆ.

“ಇಲ್ಲ ಸಾರ್, ನಡೆಯುದು. ಮ್ಯಾನೇಜರನ್ನ ಬಸ್ಸಿಗೆ ಯಾರು ಹತ್ತಿಸ್ತಾರೆ?”

“ಕ್ರೋಂಪೇಟೆವರೆಗೂ? ಹದಿನಾಲ್ಕು ಕಿಲೋಮೀಟರ್ ಇದೆಯಲ್ಲಪ್ಪ.”

“ನಿಧಾನಕ್ಕೆ ಹೋಗುದು. ನನ್ನೊಟ್ಟಿಗೆ ಬರ್ತದೆ ಅದು. ಅಲ್ಲಿ ಸಂದೇಶನ ಮೆಸ್ಸಲ್ಲಿ ದಿನಾ ಮೀನು ಉಂಟು, ಹೆದರಿಕೆ ಇಲ್ಲ.” ನಗಲು ನೋಡಿದ.

ನಾನು ಚಾಪೆ ಹಿಡಿದುಕೊಂಡೆ. ಚೀಲ ಕೇಳಿದೆ, ಕೊಡಲಿಲ್ಲ. ಮ್ಯಾನೇಜರ್ ಎದ್ದು ಮೈ ಮುರಿದು, ಅವನ ಕಾಲಿಗೆ ಮೂಗು ತಾಗಿಸುವಷ್ಟು ಹತ್ತಿರದಲ್ಲಿ ಹೊರಟ. ಮೇಲೆ ನವ್ಯಾಳ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿತ್ತು, ಕಿಟಕಿ ಮುಚ್ಚಿತ್ತು. ಗಲ್ಲಿಯುದ್ದಕ್ಕೂ ಐತಪ್ಪ ಅದರ ಜೊತೆ ತುಳುವಿನಲ್ಲಿ ಮಾತಾಡುತ್ತಲೇ ಇದ್ದ. ನನಗೆ ಅರ್ಥವಾದದ್ದು ಕಾಸಿಮೇಡು ಎಂಬ ಒಂದು ಪದ.

ಗಲ್ಲಿ ಮುಗಿದು ದೊಡ್ಡ ರಸ್ತೆ ಸಿಗುವಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಅದರಾಚೆ ಬೇರೆ ನಾಯಿಗಳ ರಾಜ್ಯ. ಮ್ಯಾನೇಜರ್ ಅಲ್ಲಿ ನಿಂತ. ಐತಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿದ.

“ಬಲ,” ಎಂದ. “ಇಂಚಿ ಬಲ.”

ಬಾ ಎಂಬುದಕ್ಕೆ ತುಳುವಿನ ಮಾತು ಅದು. ಹನ್ನೊಂದು ವರ್ಷದಿಂದ ಆ ಮಾತಿಗೆ ನಾಯಿ ಓಡಿ ಬಂದದ್ದನ್ನು ಗಲ್ಲಿಯವರೆಲ್ಲ ನೋಡಿದ್ದಾರೆ. ಈಗ ಅದು ಕುಳಿತುಕೊಂಡಿತು.

ಐತಪ್ಪ ಹಿಂದೆ ಬಂದು, ಮಂಡಿಯೂರಿ, ಅದರ ಕಿವಿಯ ಹಿಂದೆ ಕೆರೆದು, ಮತ್ತೆ ಮುಂದೆ ಹೋಗಿ ಕರೆದ. ಚೀಲ ಕೆಳಗಿಟ್ಟು ಎರಡೂ ಕೈ ಚಾಚಿ ಕರೆದ. ನಾಯಿ ಅವನನ್ನೂ ರಸ್ತೆಯಾಚೆಯನ್ನೂ ಒಂದೊಂದು ಸಲ ನೋಡಿತು. ಆಗ ಗಲ್ಲಿಯ ಆ ತುದಿಯಲ್ಲಿ ಹೋಟೆಲಿನ ಹಿಂಬಾಗಿಲು ತೆರೆದು, ಯಾರೋ ರಾತ್ರಿ ಉಳಿದ ಇಡ್ಲಿಯ ಬಕೆಟ್ಟನ್ನು ಹೊರಗಿಟ್ಟ ಸದ್ದಾಯಿತು. ಮ್ಯಾನೇಜರ್ ಎದ್ದ, ಬಾಲವನ್ನು ಒಮ್ಮೆ ಮರ್ಯಾದೆಗೆ ಆಡಿಸಿದ, ತಿರುಗಿ ಓಡಿದ. ಅದು ಆ ಪುಸ್ತಕ ಓದಿರಲಿಲ್ಲ.

ಐತಪ್ಪ ಚಾಚಿದ ಕೈಗಳನ್ನು ಮೆಲ್ಲಗೆ ಇಳಿಸಿದ. ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ, ಹಿಟ್ಟು ಅಂಟಿದ್ದರೆ ಒರೆಸಿಕೊಳ್ಳುವ ಹಾಗೆ.

“ಹೋಗ್ಲಿ ಬಿಡಿ,” ಎಂದ. “ಅದಕ್ಕೂ ಡ್ಯೂಟಿ ಉಂಟಲ್ಲ.”

ಇನ್ನು ನಡೆದು ಹೋಗಲು ಕಾರಣವಿರಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತೆವು. ಗಿಂಡಿಯ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನನ್ನ ಕೈಯಿಂದ ಚಾಪೆ ತೆಗೆದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ನಾನು ನೋಡುತ್ತಿದ್ದದ್ದನ್ನು ಅವನು ನೋಡಿದ.

“ಸಾರ್, ಇದನ್ನೆಲ್ಲ ಎಲ್ಲಿಯಾದ್ರೂ ಬರೀಬೇಡಿ ಆಯ್ತಾ? ಅದು ಬರ್ಲಿಲ್ಲ ಅಂತ.”

“ಇಲ್ಲ ಐತಪ್ಪ, ಬರೆಯೋದಿಲ್ಲ,” ಎಂದೆ.

ಅವನು ನಂಬಿದ.